ನಛತ್ತರ್ ಭಾವ ಮುಚ್ಚಿದ ಬಿರುಕು

ನನ್ನ ಭಾವ ನಛತ್ತರ್ ಸಿಂಗ್ ಕಲಾವಿದರಾದದ್ದು ಚರ್ನೋ ಚಿಕ್ಕಮ್ಮನ ಬಾಯಲ್ಲಿ. ಅಲ್ಲಿಯವರೆಗೆ ಅವರು ಗೋಡೆ ಕೆಲಸದವರಾಗಿದ್ದರು. ವ್ಯಾಂಕೂವರ್ ಪಕ್ಕದ ಸರ್ರಿಯಲ್ಲಿ ಹೊಸ ಮನೆ ಎದ್ದರೆ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದು, ಸಂದಿಗೆ ಪಟ್ಟಿ ಅಂಟಿಸಿ, ಮೇಲೆ ಬಿಳಿ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಮಗುವಿನ ಕೆನ್ನೆಯ ಹಾಗೆ ತಿಕ್ಕುವುದು ಅವರ ಕಸುಬು. ಅವರು ಮುಗಿಸಿದ ಗೋಡೆ ಹತ್ತಿದ ಇರುವೆ ಜಾರಿ ಬೀಳುತ್ತದೆ. ಗೋಡೆಯ ವಿಷಯದಲ್ಲಿ ಇಷ್ಟು ನಾಜೂಕಾದ ಮನುಷ್ಯ ಮಾತಿಗೆ ನಿಂತರೆ ಮಾತ್ರ ಗುದ್ದಲಿ ಹಿಡಿದವರ ಹಾಗೆ. ನಾನೇನೂ ಕಮ್ಮಿಯಲ್ಲ. ಆದರೆ ನಾನು ಸಿಟ್ಟಿನಲ್ಲಿ ಮಾತಾಡಿ ಕೆಡಿಸುತ್ತೇನೆ, ಅವರು ಪ್ರೀತಿಯಲ್ಲಿ ಮಾತಾಡಿ ಕೆಡಿಸುತ್ತಾರೆ.

ಅವರ ಮಗಳು ರೂಪಿಗೆ ಅಂಗದ್ ಎಂಬ ಹುಡುಗ ಇಷ್ಟವಾಗಿದ್ದ. ಇಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ ಕೆಲಸ. ಅವರಿಬ್ಬರೂ ಒಪ್ಪಿಕೊಂಡದ್ದು ಚಳಿಗಾಲದಲ್ಲೇ. ಆದರೆ ನಮ್ಮಲ್ಲಿ ಹುಡುಗ ಹುಡುಗಿ ಒಪ್ಪಿಬಿಟ್ಟರೆ ಆಯಿತೇ? ನಡುವೆ ಒಬ್ಬರು ಓಡಾಡಬೇಕು, ಅವರಿಂದಲೇ ಈ ಸಂಬಂಧ ಕುದುರಿತು ಅಂತ ಆಗಬೇಕು. ಆ ಕೆಲಸಕ್ಕೆ ನಮ್ಮ ವಂಶದಲ್ಲಿ ಚರ್ನೋ ಚಿಕ್ಕಮ್ಮ ಒಬ್ಬಳೇ. ಯಾರ ಅಪ್ಪನದು ಏನು ಕಸುಬು ಎಂಬಂಥ ಮನೆಯ ವಿಷಯ ದೊಡ್ಡವರೇ ಮಾತಾಡಿಕೊಳ್ಳಲಿ ಎಂದು ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಹುಡುಗನ ತಾಯಿ ಅಮೃತಾ ದೊಡ್ಡ ಹೆಂಗಸು. ನಗರದ ಬೇಸಿಗೆ ಹಬ್ಬದ ಸಮಿತಿಯಲ್ಲಿ ಇದ್ದಾರೆ. ನಮ್ಮ ಕಡೆಯ ದೇಶಗಳ ಕಲೆ, ಊಟ, ವಿಚಾರ ಮೂರನ್ನೂ ವ್ಯಾಂಕೂವರ್ ಕೊಲ್ಲಿಯ ದಂಡೆಯಲ್ಲಿ ಡೇರೆ ಹಾಕಿ ಬಡಿಸುವ ಹಬ್ಬ ಅದು. ಊಟದ ಡೇರೆಯ ಮುಂದೆ ಸಾಲು ಕಡಲಿನವರೆಗೆ ಹೋಗಿರುತ್ತದೆ, ವಿಚಾರದ ಡೇರೆಯಲ್ಲಿ ಕುರ್ಚಿಗಳು ಒಂದನ್ನೊಂದು ನೋಡುತ್ತಿರುತ್ತವೆ. ಆದರೂ ಪ್ರತಿ ವರ್ಷ ಮೂರನ್ನೂ ಬಿಡದೆ ನಡೆಸುತ್ತಾರೆ. ಅದು ಅವರ ದೊಡ್ಡತನ.

ಚಿಕ್ಕಮ್ಮ ಮೊದಲ ಸಲ ಅಮೃತಾ ಅವರ ಮನೆಗೆ ಹೋದಾಗ ಎದುರು ಗೋಡೆಯಲ್ಲಿ ಮಂಚದಷ್ಟು ದೊಡ್ಡ ಚಿತ್ರವಿತ್ತಂತೆ. ಅದರೊಳಗೆ ಒಂದು ಕೆಂಪು ಚುಕ್ಕೆ, ಇನ್ನೇನೂ ಇಲ್ಲ. ಚಿಕ್ಕಮ್ಮನಿಗೆ ಮನೆಯವರ ನಾಡಿ ಸಿಕ್ಕಿಬಿಟ್ಟಿತು.

"ಹುಡುಗಿ ತಂದೆ ಏನು ಮಾಡ್ಕೊಂಡಿದಾರೆ?" ಅಂತ ಅಮೃತಾ ಕೇಳಿದರು.

"ಕಲಾವಿದರು."

"ಹೌದಾ! ಯಾವ ಥರದ ಕೆಲಸ?"

ಚಿಕ್ಕಮ್ಮ ಪೂರಾ ಸುಳ್ಳು ಹೇಳುವವಳಲ್ಲ. ನಿಜವನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವಳು, ಅಷ್ಟೆ. "ದೊಡ್ಡ ದೊಡ್ಡ ಕೆಲಸ ಕಣಮ್ಮಾ. ಒಂದೊಂದೂ ಗೋಡೆಯಷ್ಟು ಅಗಲ. ಬರೀ ಬಿಳೀ ಬಣ್ಣ."

"ಬರೀ ಬಿಳಿ?"

"ಬರೀ ಬಿಳಿ. ಒಂದು ಗೆರೆ ಕಾಣಿಸಿದ್ರೂ ಅಳಿಸಿ ಮತ್ತೆ ಮಾಡ್ತಾರೆ."

ಅಮೃತಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರಂತೆ. "ಅವರ ಕೆಲಸ ಎಲ್ಲಾದ್ರೂ ನೋಡಕ್ಕೆ ಸಿಗುತ್ತಾ?"

"ಸರ್ರಿ ತುಂಬಾ ಇದೆ. ನೀವೂ ನೋಡಿರ್ತೀರ, ಗೊತ್ತಾಗಿರಲ್ಲ."

ಚಿಕ್ಕಮ್ಮ ಬಂದು ಇದನ್ನು ಅಕ್ಕನ ಅಡುಗೆಮನೆಯಲ್ಲಿ ವಿಜಯೋತ್ಸವದ ಹಾಗೆ ಹೇಳಿದಳು. ನನ್ನ ಅಕ್ಕ ಜಸ್ಮೇಲ್ ಲಟ್ಟಣಿಗೆ ಹಿಡಿದವಳು ಹಾಗೇ ನಿಂತಳು. ಭಾವ ಮಾತ್ರ ರೊಟ್ಟಿ ಮುರಿಯುತ್ತಾ, "ಸರಿ ಬಿಡು, ನಾನೇ ಹೋಗಿ ನಿಜ ಹೇಳಿ ಬರ್ತೀನಿ. ಗೋಡೆ ಕೆಲಸ ಏನು ಕಳ್ಳತನವಾ?" ಅಂದರು.

"ಹೇಳಿ ಬನ್ನಿ," ಅಂದಳು ಅಕ್ಕ. "ಮಗಳು ಆಸ್ಪತ್ರೆಯಿಂದ ಬಂದ ತಕ್ಷಣ ಅವಳ ಮುಖಾನೂ ನೀವೇ ನೋಡಿ. ಆ ಹುಡುಗನ ಹೆಸರು ಹೇಳಿದ್ರೆ ಅವಳು ಎರಡು ಸಲ ಉಪ್ಪು ಹಾಕ್ತಾಳೆ ಸಾರಿಗೆ. ಈ ಸಂಬಂಧ ತಪ್ಪಿದ್ರೆ ನೀವು, ಈ ಚಿಕ್ಕಮ್ಮ, ನಿಮ್ಮ ಪುಟ್ಟಿ ಬಕೆಟ್ಟು ಮೂರೂ ಬೀದೀಲಿ."

ಭಾವ ರೊಟ್ಟಿಯ ಜೊತೆ ಆ ಮಾತನ್ನೂ ನುಂಗಿದರು. ಮಗಳೆಂದರೆ ಅವರಿಗೆ ಪ್ರಾಣ.

ಈಗೀಗ ನಮ್ಮಲ್ಲಿ ಹುಡುಗಿ ನೋಡಲು ಮನೆಗೆ ಬರುವುದಿಲ್ಲ. ಬಂದು ಒಪ್ಪದೆ ಹೋದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಎರಡು ಕಡೆಯವರೂ ಎಲ್ಲಾದರೂ ಆಕಸ್ಮಿಕವಾಗಿ ಎದುರಾಗುತ್ತಾರೆ. ಆಕಸ್ಮಿಕದ ಜಾಗ, ಹೊತ್ತು, ಉಡುವ ಬಟ್ಟೆಯ ಬಣ್ಣ ಎಲ್ಲ ಮೊದಲೇ ನಿಶ್ಚಯ. "ಅರೆ, ನೀವೂ ಬಂದಿದ್ದೀರಾ!" ಎಂದು ಯಾರು ಮೊದಲು ಉದ್ಗಾರ ತೆಗೆಯಬೇಕೆಂಬುದೂ ನಿಶ್ಚಯ. ನಮ್ಮ ಆಕಸ್ಮಿಕ ಹಬ್ಬದ ಎರಡನೆಯ ದಿನ ಮೂರು ಗಂಟೆಗೆ ಕುಲ್ಫಿ ಅಂಗಡಿಯ ಮುಂದೆ ಎಂದು ಗೊತ್ತುಮಾಡಿದರು.

ಆ ದಿನ ಅಕ್ಕ ಭಾವನಿಗೆ ಹೊಸ ಜುಬ್ಬ, ಹೊಸ ಬೂಟು, ಮೇಲೆ ಕಾಶ್ಮೀರದ ಉಣ್ಣೆ ಶಾಲು ಹೊದಿಸಿದಳು.

"ಜುಲೈ ತಿಂಗಳು ಕಣೇ," ಅಂದರು ಭಾವ.

"ಕಲಾವಿದರು ಶಾಲು ಹೊದೀತಾರೆ."

"ಬೇಯ್ತಾ ಇದೀನಿ."

"ಕಲಾವಿದರಿಗೆ ಬಿಸಿಲು ಗೊತ್ತಾಗಲ್ಲ. ಬಾಯಿ ಬಿಡಬೇಡಿ. ಬೀಗಿತ್ತಿ ಏನು ಕೇಳಿದ್ರೂ ಆಕಾಶ ನೋಡಿ." ಬೀಗರಿಗೆಂದು ತುಪ್ಪದಲ್ಲಿ ಹುರಿದು ಕಟ್ಟಿದ ಪಿನ್ನಿ ಉಂಡೆಗಳ ಡಬ್ಬಿಯನ್ನು ಅವರ ಕೈಗೆ ಕೊಟ್ಟು, ನನ್ನ ಕಡೆ ತಿರುಗಿದಳು. "ಬಲ್ಕಾರ್, ಇವರನ್ನ ಬಿಟ್ಟು ಕದಲಬೇಡ. ಮತ್ತೆ ನೀನು ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡ."

ಎರಡೂ ಮಾತು ನಾನು ಕೊಟ್ಟೆ. ಮೊದಲನೆಯದು ಮುರಿದದ್ದು ಎರಡನೆಯದು ಮುರಿದದ್ದರಿಂದ.

ನಾವಿಬ್ಬರೂ ಹೊತ್ತಿಗೆ ಮುಂಚೆಯೇ ತಲುಪಿದೆವು. ಡೋಲು, ಸಿತಾರು, ನೇಪಾಳದವರ ಮೊಮೊ ಹಬೆ, ಜಾಫ್ನಾದವರ ಕೊತ್ತು ರೊಟ್ಟಿ ಕುಟ್ಟುವ ಸದ್ದು, ಎಲ್ಲದರ ಮೇಲೆ ಸಮೋಸಾಕ್ಕೆ ಹೊಂಚು ಹಾಕಿ ಕಿರುಚುವ ಕಡಲಹಕ್ಕಿಗಳು. ಭಾವನಿಗೆ ಬೂಟು ಕಚ್ಚತೊಡಗಿತು. ಕೂರುವ ಜಾಗ ಹುಡುಕಿ ವಿಚಾರದ ಡೇರೆಗೆ ನುಗ್ಗಿದೆವು. ವೇದಿಕೆಯ ಮೇಲೆ ಮೂವರು ಪಂಡಿತರು ವಲಸೆಯ ಬಗ್ಗೆ ಮಾತಾಡುತ್ತಿದ್ದರು. ಭಾವ ಶಾಲಿನೊಳಗಿನ ಬೆವರು ಆರಲೆಂದು ಒಂದು ಕೈ ಮೇಲೆತ್ತಿದರು. ಮರುಕ್ಷಣ ಆ ಕೈಗೆ ಮೈಕು ಬಂತು.

"ಹೇಳಿ, ನಿಮ್ಮ ಪ್ರಶ್ನೆ?"

ಭಾವ ನನ್ನ ಮುಖ ನೋಡಿದರು. ನಾನು ಆಕಾಶ ತೋರಿಸಿದೆ. ಅವರು ಡೇರೆಯ ಬಟ್ಟೆ ನೋಡಿದರು. ಆಮೇಲೆ ತಡೆಯಲಾರದೆ, "ಸ್ವಾಮಿ, ಇಲ್ಲಿ ಕಾಲಿನ ಬೂಟು ಕಳಚಿ ಸ್ವಲ್ಪ ಮಲಗೋ ಜಾಗ ಎಲ್ಲಿದೆ?" ಅಂದರು.

ನಡುವಿನ ಪಂಡಿತ ಕನ್ನಡಕ ತೆಗೆದ. "ಬೆಳಗಿನಿಂದ ನಾವು ಸುತ್ತಿ ಸುತ್ತಿ ಹೇಳ್ತಾ ಇರೋದನ್ನ ಹಿರಿಯರು ಒಂದು ಮಾತಲ್ಲಿ ಕೇಳಿದ್ರು," ಅಂದ. ಪಕ್ಕದವಳು, "ಅಂಥ ಜಾಗ ಇದೆಯಾ ಅನ್ನೋದೇ ಪ್ರಶ್ನೆ," ಅಂದಳು. ಮೂರನೆಯವನು ಅಂಥ ಜಾಗ ಇಲ್ಲ, ಇರಲೂ ಬಾರದು ಅಂದ. ಮೂವರೂ ಕಚ್ಚಾಡತೊಡಗಿದರು.

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಬಾರ್ದಾ ಇವರು," ಎಂದು ಗೊಣಗುತ್ತಾ ಭಾವ ಕುಂಟಿಕೊಂಡು ಎದ್ದು ಬಂದರು. ಹಿಂದೆ ಚಪ್ಪಾಳೆ ಕೇಳಿಸಿತು.

ಅವರನ್ನು ಒಂದು ಮರದ ನೆರಳಲ್ಲಿ ನಿಲ್ಲಿಸಿ ನಾನು ಸಮೋಸಾ ತರಲು ಹೋದೆ. ಅಲ್ಲಿ ಸಮೋಸಾದೊಳಗೆ ಬೆಣ್ಣೆಹಣ್ಣು ತುಂಬಿದ್ದರು. ಬೆಣ್ಣೆಹಣ್ಣು! ಇಂಥದ್ದನ್ನು ನೋಡಿ ಸುಮ್ಮನಿರುವ ಮನುಷ್ಯ ನಾನಲ್ಲ. "ಆಲೂಗಡ್ಡೆ ಏನು ತಪ್ಪು ಮಾಡಿತ್ತು?" ಎಂದು ಕೇಳಿದೆ. ಅಂಗಡಿಯವಳು ಇದು ಹೊಸ ಕಾಲದ ಸಮೋಸಾ ಅಂದಳು. ಹಾಗಾದರೆ ಹೊಸ ಹೆಸರಿಡು, ನಮ್ಮ ಸಮೋಸಾದ ಮಾನ ತೆಗೆಯಬೇಡ ಅಂದೆ. ಸಾಲಿನಲ್ಲಿದ್ದ ಅರ್ಧ ಜನ ನನ್ನ ಕಡೆ, ಅರ್ಧ ಜನ ಅವಳ ಕಡೆ ಆದರು. ಗೆದ್ದು ವಾಪಸು ಬಂದು ನೋಡಿದರೆ ಮರದ ಕೆಳಗೆ ಭಾವ ಇಲ್ಲ.

ಕುಲ್ಫಿ ಅಂಗಡಿಯಲ್ಲಿ ಇಲ್ಲ, ಶೌಚದ ಸಾಲಿನಲ್ಲಿ ಇಲ್ಲ. ಅವರ ಫೋನು ಅಕ್ಕನ ಚೀಲದಲ್ಲಿತ್ತು. ಕಲೆಯ ಡೇರೆಗಳ ಕಡೆ ಹೋದೆ. ಅಲ್ಲಿ ಒಂದು ಡೇರೆಯ ಮುಂದೆ ಮಾತ್ರ ಸಾಲು, ಅದೂ ಊಟದ ಡೇರೆಯಷ್ಟೇ ಉದ್ದ. 'ಮೊದಲ ಮನೆ' ಎಂದು ಬೋರ್ಡು.

"ಒಳಗೆ ಏನಿದೆ?" ಅಂತ ಬಾಗಿಲಲ್ಲಿದ್ದ ಸ್ವಯಂಸೇವಕಿಯನ್ನು ಕೇಳಿದೆ.

"ಇಲ್ಲಿಗೆ ಮೊದಲು ಬಂದ ನಮ್ಮೋರ ಮನೆ ಹೇಗಿತ್ತು ಅಂತ ಕಲಾವಿದೆ ತಹ್ಮೀನಾ ಕಟ್ಟಿರೋ ಕೋಣೆ. ಬರೀ ನೋಡೋದು ಅಂತ ಹೇಳಿದ್ರು. ಆದ್ರೆ ಈಗ ಒಳಗೆ ಒಬ್ಬ ನಟರನ್ನೂ ಇಟ್ಟಿದಾರೆ. ಅದ್ಭುತ! ಒಂದು ವಿಷಯ, ಅವರು ಕೊಟ್ಟಿದ್ದನ್ನ ಬೇಡ ಅನ್ನಬೇಡಿ. ಒಬ್ಬರು ಬೇಡ ಅಂದ್ರು, ಬೈಸಿಕೊಂಡ್ರು."

ಸಾಲು ಬಿಟ್ಟು ನುಗ್ಗಿದೆ.

ಒಳಗೆ ಮೇಲ್ಛಾವಣಿ ಇಲ್ಲದ ಒಂದು ಕೋಣೆ. ಹಗ್ಗದ ಮಂಚ, ಹೂಬಿಟ್ಟ ರಜಾಯಿ, ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾ, ಕಬ್ಬಿಣದ ಟ್ರಂಕು, ಕಸೂತಿ ಬಟ್ಟೆ ಹೊದ್ದ ಹಳೇ ಟಿವಿ, ಮೂಲೆಯಲ್ಲಿ ಚಹಾದ ಕೆಟಲು. ಸಾಯಂಕಾಲ ತಹ್ಮೀನಾ ತಾವೇ ಚಹಾ ಕೊಡುವ ಕಾರ್ಯಕ್ರಮ ಇತ್ತಂತೆ, ಅದಕ್ಕೆ ಹಾಲು ಸಕ್ಕರೆ ಎಲ್ಲ ಇಟ್ಟಿದ್ದರು. ಸೋಫಾದಲ್ಲಿ, ಟ್ರಂಕಿನ ಮೇಲೆ, ನೆಲದ ಮೇಲೆ ಎಲ್ಲ ಜನ. ಎಲ್ಲರ ಕೈಯಲ್ಲೂ ಚಹಾ, ಎಲ್ಲರ ಬಾಯಲ್ಲೂ ಪಿನ್ನಿ. ನಡುವೆ ನನ್ನ ಭಾವ. ಬರಿಗಾಲು, ಶಾಲು ಸೊಂಟಕ್ಕೆ ಬಿಗಿದಿದೆ, ಜುಬ್ಬದ ತೋಳು ಮೇಲೇರಿದೆ, ಕೈಯಲ್ಲಿ ಅಗಲ ಕರಣೆ, ಕಾಲ ಬಳಿ ಪುಟ್ಟಿ ಬಕೆಟ್ಟು.

"ಬಾ ಬಲ್ಕಾರ್, ಎಲ್ಲಿ ಹೋಗಿದ್ದೆ? ಕೂತ್ಕೋ. ಆ ಟೋಪಿ ಅಮ್ಮನಿಗೆ ಇನ್ನೊಂದು ಉಂಡೆ ಕೊಡು, ನಾಚಿಕೊಳ್ತಾ ಇದಾರೆ."

ನಾನು ಕಿವಿಯ ಹತ್ತಿರ ಹೋದೆ. "ಭಾವ, ಏನು ಮಾಡ್ತಾ ಇದೀರಿ?"

"ಯಾವನೋ ಪುಣ್ಯಾತ್ಮ ಕಾಲು ನೋಯೋರಿಗೆ ಅಂತ ಕೋಣೆ ಮಾಡಿಸಿದಾನೆ. ಸ್ವಲ್ಪ ಮಲಗಿದ್ದೆ. ಅಷ್ಟರಲ್ಲಿ ಜನ ಬಂದು ಬಾಗಿಲಲ್ಲಿ ನಿಂತ್ರು. ಮನೆಗೆ ಬಂದೋರನ್ನ ನಿಲ್ಲಿಸಿ ನಾನು ಮಲಗಿರಕ್ಕಾಗುತ್ತಾ? ಚಹಾ ಮಾಡಿದೆ."

"ಇದು ಮನೆ ಅಲ್ಲ ಭಾವ!"

"ಕಾಣುತ್ತಲ್ಲ, ಚಾವಣೀನೇ ಹಾಕಿಲ್ಲ. ಅರ್ಧಕ್ಕೆ ಬಿಟ್ಟು ಓಡಿಹೋಗಿದಾನೆ ಕಂಟ್ರಾಕ್ಟರು. ಗೋಡೆ ಹಿಂದೆ ಬಕೆಟ್ಟು ಹಾಗೇ ಬಿಟ್ಟಿದಾನೆ. ಇಲ್ಲಿ ನೋಡು, ಸೋಫಾದಲ್ಲಿ ಕೂತೋರ ಕಣ್ಣಿಗೆ ನೇರ ಹೊಡೆಯೋ ಹಾಗೆ ಇಷ್ಟುದ್ದ ಬಿರುಕು! ಬಂದೋರು ಏನಂದ್ಕೊಳ್ತಾರೆ?" ಎಂದು ಗೋಡೆಯ ಮೇಲಿಂದ ಕೆಳಕ್ಕೆ ಒಂದು ಎಳೆತ ಎಳೆದರು. ಬಿರುಕು ಮುಕ್ಕಾಲು ಮಾಯವಾಗಿತ್ತು. ಸುತ್ತಲಿದ್ದವರು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಅವರನ್ನು ತೋಳು ಹಿಡಿದು ಎಳೆಯಬೇಕು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಅಮೃತಾ ಕಾಣಿಸಿಕೊಂಡರು. ಜೊತೆಗೆ ಅವರ ಯಜಮಾನರು, ಹಲ್ಲಿನ ಡಾಕ್ಟರು ತರ್ಲೋಕ್ ಸಿಂಗ್. ಚಿಕ್ಕಮ್ಮ ಇವರಿಬ್ಬರ ಫೋಟೋ ನನಗೆ ತೋರಿಸಿದ್ದಳು. ಭಾವನಿಗೆ ತೋರಿಸಿರಲಿಲ್ಲ. ನೋಡಿದ್ದರೆ ದೂರದಿಂದಲೇ ಕೈ ಬೀಸಿ ಆಕಸ್ಮಿಕ ಕೆಡಿಸುತ್ತಾರೆ ಎಂದು ಅಕ್ಕನ ಭಯ.

"ಬನ್ನಿ ಬನ್ನಿ ತಂಗಿ, ಒಳಗೆ ಬನ್ನಿ," ಅಂದರು ಭಾವ. "ಯಜಮಾನ್ರಿಗೆ ಜಾಗ ಬಿಡಿ. ಬಲ್ಕಾರ್, ಕೊನೇ ಎರಡು ಉಂಡೆ ಇವರಿಗೇ ಕೊಡು." ಅಷ್ಟರಮಟ್ಟಿಗೆ ಅಕ್ಕನ ಪಿನ್ನಿ ಸೇರಬೇಕಾದವರಿಗೇ ಸೇರಿತು.

ಅಮೃತಾ ಗೋಡೆಯ ಮುಂದೆ ನಿಂತು ತಲೆಯನ್ನು ಒಂದು ಕಡೆ ವಾಲಿಸಿದರು. "ಈ ಬಿರುಕನ್ನ ಮುಚ್ತಾ ಇದೀರಲ್ಲ, ಇದರಿಂದ ಏನು ಹೇಳ್ತಾ ಇದೀರಿ?"

"ಹೇಳೋದೇನು ತಂಗಿ, ಬಿರುಕು ಅಂದ್ಮೇಲೆ ಮುಚ್ಚಬೇಕು. ಆದ್ರೆ ಒಂದೇ ಸಲಕ್ಕೆ ಆಗಲ್ಲ. ಮೊದಲನೇ ಸಲ ಮೆತ್ತಿದ್ದನ್ನ ಗೋಡೆ ನುಂಗಿಬಿಡುತ್ತೆ. ಎರಡನೇ ಸಲ ಮುಚ್ಚಿದ ಹಾಗೆ ಕಾಣುತ್ತೆ. ಮೂರನೇ ಸಲಕ್ಕೆ ಬಿರುಕು ಇತ್ತು ಅನ್ನೋದೇ ಮರೆತುಹೋಗುತ್ತೆ."

"ಮರೆತುಹೋಗುತ್ತೆ..." ಅಮೃತಾ ಅವರ ಕಣ್ಣಲ್ಲಿ ನೀರು ಬಂತು. "ಕೇಳಿದ್ರಾ?" ಅಂತ ಯಜಮಾನರಿಗೆ ಹೇಳಿದರು. ಡಾಕ್ಟರ ಬಾಯಿ ತುಂಬ ಪಿನ್ನಿ ಇತ್ತು, ತಲೆಯಾಡಿಸಿದರು.

ಭಾವ ಕರಣೆ ಒರೆಸಿಕೊಂಡು ಎಲ್ಲ ಹಿರಿಯರೂ ಕೇಳುವುದನ್ನು ಕೇಳಿದರು. ಯಾವ ಊರು? ಎಷ್ಟು ಮಕ್ಕಳು? ಮಗನಿಗೆ ಮದುವೆ ಆಯ್ತಾ?

"ಇಲ್ಲ," ಅಂದರು ಅಮೃತಾ, ನಾಟಕದಲ್ಲಿ ತಮಗೂ ಪಾತ್ರ ಸಿಕ್ಕ ಸಂತೋಷದಲ್ಲಿ. "ಇವತ್ತು ಇಲ್ಲೇ ಹುಡುಗಿ ನೋಡೋದಿದೆ."

ನಾನು ಹಿಂದೆ ನಿಂತು ಕೈ ಬೀಸಿದೆ, ಕಣ್ಣು ಹೊಡೆದೆ, ಕೆಮ್ಮಿದೆ. ಟೋಪಿ ಅಮ್ಮ ನನಗೆ ನೀರು ಕೊಟ್ಟರು.

"ಹಾಗಾದ್ರೆ ಒಂದು ಮಾತು ಹೇಳ್ತೀನಿ ಕೇಳಿ ತಂಗಿ," ಭಾವ ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದರೆ ಪಕ್ಕದ ಡೇರೆಗೆ ಮಾತ್ರ ಕೇಳಿಸುವುದಿಲ್ಲ. "ನಡುವೆ ಓಡಾಡೋರ ಮಾತು ನಂಬಬೇಡಿ. ನನ್ನ ಮಗಳದೇ ನೋಡಿ. ಬಂಗಾರದಂಥ ಹುಡುಗಿ. ನಮ್ಮ ಚಿಕ್ಕಮ್ಮ ಹೋಗಿ ಹುಡುಗನ ಮನೇಲಿ ನನ್ನನ್ನ ಕಲಾವಿದ ಅಂತ ಹೇಳಿ ಬಂದಿದಾಳೆ! ನಾನು ಗೋಡೆಗೆ ಪುಟ್ಟಿ ಮೆತ್ತೋನು. ನೋಡಿ, ಈ ಜುಬ್ಬ ಸುಳ್ಳು, ಈ ಶಾಲು ಸುಳ್ಳು. ಆ ಹೆಣ್ಣುಮಗಳು ಬಂದು ಏನಾದ್ರೂ ಕೇಳಿದ್ರೆ ನಾನು ಆಕಾಶ ನೋಡಬೇಕಂತೆ!"

ಆಮೇಲೆ ಚಪ್ಪಾಳೆ ಬಿತ್ತು ನೋಡಿ, ಟಿವಿಯ ಮೇಲಿನ ಹೂದಾನಿ ನಡುಗಿತು.

"ಕಲಾವಿದ, ಕೆಲಸಗಾರನ ವೇಷದಲ್ಲಿ, ಕಲಾವಿದನ ವೇಷದ ಬಗ್ಗೆ ಮಾತಾಡೋದು!" ಅಮೃತಾ ಎದೆಯ ಮೇಲೆ ಕೈಯಿಟ್ಟುಕೊಂಡರು. "ಇವರನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರು?"

ಆಗ ಅಕ್ಕ ಬಂದಳು. ಕುಲ್ಫಿ ಅಂಗಡಿಯಲ್ಲಿ ಕಾದು ಕಾದು, ಎಲ್ಲೆಲ್ಲೂ ಹುಡುಕಿ, ಗಂಡನ ದನಿ ಹಿಡಿದು ಬಂದಿದ್ದಳು. ಎದುರಿಗೆ ಜನ ಇದ್ದಾರೆ ಎಂಬುದು ಅವಳ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಜುಬ್ಬದ ಮೇಲಿನ ಪುಟ್ಟಿ ಮತ್ತು ಖಾಲಿ ಡಬ್ಬಿ.

"ಯಾರಿಗೆ ಕೊಟ್ರಿ?"

"ಬಂದೋರಿಗೆ."

"ನಿನ್ನೆಯಿಡೀ ನಿಂತು ಕಟ್ಟಿದೀನಿ! ಬಂದೋರಿಗೆ! ನಿಮ್ಮಪ್ಪನ ಮನೆ ಗೃಹಪ್ರವೇಶನಾ ಇದು? ಹುಡುಗನ ಕಡೆಯೋರು ಎಲ್ಲಿದಾರೋ, ಮಗಳು ಎಲ್ಲಿದಾಳೋ, ನೀವಿಲ್ಲಿ ಗೋಡೆ ನೆಕ್ಕುತ್ತಾ ಇದೀರಾ?"

"ಹೆಂಡತಿ ಪಾತ್ರಾನೂ ಇಟ್ಟಿದಾರೆ," ಟೋಪಿ ಅಮ್ಮ ಪಿಸುಗುಟ್ಟಿದರು. "ಎಷ್ಟು ಸಹಜ!"

ಅಕ್ಕ ಅವರ ಕಡೆ ತಿರುಗುವಷ್ಟರಲ್ಲಿ ಅವಳ ಬೆನ್ನ ಹಿಂದೆ ಚರ್ನೋ ಚಿಕ್ಕಮ್ಮ ಏದುಸಿರು ಬಿಡುತ್ತಾ ಬಂದು ನಿಂತಳು. ಅಮೃತಾ ಮತ್ತು ಭಾವ ಒಂದೇ ಕೋಣೆಯಲ್ಲಿ. ಅವಳ ಮುಖದ ಬಣ್ಣ ಹೋಯಿತು. ಆದರೆ ಕಸುಬು ಬಿಡುತ್ತದೆಯೇ? ಎರಡೂ ಕೈ ಅಗಲಿಸಿ ಕೂಗಿದಳು. "ಅರೆ, ನೀವೂ ಬಂದಿದ್ದೀರಾ! ಏನು ಆಕಸ್ಮಿಕ!"

"ಚರ್ನೋ ಆಂಟಿ!" ಅಮೃತಾ ಬೆರಗಾದರು. "ನೀವೂ ಈ ನಾಟಕದಲ್ಲಿ ಇದೀರಾ?"

ಚಿಕ್ಕಮ್ಮ ಅಗಲಿಸಿದ ಕೈಗಳನ್ನು ದುಪಟ್ಟಾದೊಳಗೆ ಮಡಚಿಕೊಂಡಳು. ಅಷ್ಟರಲ್ಲಿ ಒಬ್ಬ ಹುಡುಗಿ ಓಡಿಬಂದಳು. ಕುತ್ತಿಗೆಯಲ್ಲಿ ಹಬ್ಬದ ಗುರುತಿನ ಪಟ್ಟಿ, ಕೈಯಲ್ಲಿ ಏಲಕ್ಕಿ ಪೊಟ್ಟಣ. ತಹ್ಮೀನಾ ಅಂದರೆ ಅವಳೇ. ಗೋಡೆ ನೋಡಿದಳು. ಪೊಟ್ಟಣ ಕೈಯಿಂದ ಬಿತ್ತು.

"ನನ್ನ ಬಿರುಕು! ನನ್ನ ಬಿರುಕು ಎಲ್ಲಿ?"

"ಹೆದರ್ಬೇಡ ಮಗಳೇ," ಅಂದರು ಭಾವ, "ಮುಚ್ಚಿಬಿಟ್ಟೆ."

"ಅದು ನಮ್ಮಜ್ಜಿ ಮನೆ ಗೋಡೆಯ ಬಿರುಕು! ಲಾಹೋರಿಗೆ ಹೋಗಿ ಅಳತೆ ತೆಗೆದು ತಂದಿದ್ದೆ! ಹಾಗೇ ಇಳಿಸಕ್ಕೆ ವಾರಗಟ್ಟಲೆ ಹಿಡೀತು!"

"ಅಯ್ಯೋ ಪಾಪ, ಅಜ್ಜಿ ಮನೇಲೂ ಯಾರೂ ಮುಚ್ಚಲಿಲ್ವಾ?"

"ಯಾರು ನೀವು?" ತಹ್ಮೀನಾ ಚೀರಿದಳು. "ನಾನು ಯಾವ ನಟನನ್ನೂ ಕರೆಸಿಲ್ಲ! ಯಾರು ಈ ಮನುಷ್ಯ?"

ಚಹಾದ ಬಟ್ಟಲುಗಳು ಗಾಳಿಯಲ್ಲೇ ನಿಂತವು. ಅಮೃತಾ ಭಾವನನ್ನು ನೋಡಿದರು, ಚಿಕ್ಕಮ್ಮನನ್ನು ನೋಡಿದರು, ಬಿಳಿ ಗೋಡೆಯನ್ನು ನೋಡಿದರು. ಒಂದೊಂದಾಗಿ ಅವರಿಗೆ ಅರ್ಥವಾಗುವುದು ಮುಖದ ಮೇಲೇ ಕಾಣುತ್ತಿತ್ತು.

"ಅಂದ್ರೆ ನೀವು... ರೂಪಿ ತಂದೆ?"

"ಹೌದು. ನೀವ್ಯಾರು ತಂಗಿ?"

"ಅಂಗದ್ ತಾಯಿ."

ಭಾವ ಆಗ ಆಕಾಶ ನೋಡಿದರು. ಚಾವಣಿ ಇರಲಿಲ್ಲ, ಡೇರೆಯ ಬಟ್ಟೆ ಕಾಣಿಸಿತು.

"ನಮಗೆ ಸುಳ್ಳು ಹೇಳಿದ್ರಿ," ಅಂದರು ಅಮೃತಾ. ದನಿ ತಣ್ಣಗಿತ್ತು. "ಗೋಡೆ ಕೆಲಸ ಅಂತ ಹೇಳಿದ್ರೆ ನಾವೇನು ಬೇಡ ಅಂತಿದ್ವಾ? ಇಷ್ಟು ಜನರ ಮುಂದೆ ನನ್ನನ್ನ ಅಳಿಸಿ, ಮೂರ್ಖಳನ್ನ ಮಾಡಿ..."

"ನಾನು ಸುಳ್ಳು ಹೇಳಿಲ್ಲ!" ಭಾವನಿಗೂ ಸಿಟ್ಟು ಬಂತು. ವರ್ಷಕ್ಕೊಮ್ಮೆ ಬರುತ್ತದೆ. "ಸುಳ್ಳು ಚಿಕ್ಕಮ್ಮ ಹೇಳಿದ್ಲು, ನೀವು ನಂಬಿದ್ರಿ. ನಿಜ ನಾನು ಹೇಳಿದೆ, ಈಗ ತಾನೇ, ನಿಮ್ಮ ಮುಖಕ್ಕೇ ಹೇಳಿದೆ. ನೀವು ಚಪ್ಪಾಳೆ ಹೊಡೆದ್ರಿ! ಇನ್ನು ನಾನು ಹೇಗೆ ಹೇಳಲಿ?"

ಉತ್ತರವಿಲ್ಲದ ಮಾತಿನಷ್ಟು ಸಂಬಂಧ ಕೆಡಿಸುವ ಮಾತು ಬೇರೆ ಇಲ್ಲ. ಅಮೃತಾ ಚೀಲ ಹೆಗಲಿಗೇರಿಸಿದರು. "ನಡೀರಿ, ಹೋಗೋಣ." ಡಾಕ್ಟರು ಅರೆಮನಸ್ಸಿನಿಂದ ಸೋಫಾ ಬಿಟ್ಟೆದ್ದರು. ಪ್ಲಾಸ್ಟಿಕ್ಕು ಕಿರುಗುಟ್ಟಿತು. ಅಕ್ಕ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಮಗಳ ಮದುವೆ ಬಾಗಿಲು ದಾಟಿ ಹೋಗುತ್ತಿತ್ತು.

ಭಾವ ಯಾರನ್ನು ಸಮಾಧಾನ ಮಾಡಬೇಕೆಂದು ತಿಳಿಯದೆ ತಹ್ಮೀನಾ ಕಡೆ ತಿರುಗಿದರು. "ಅಳಬೇಡ ಮಗಳೇ. ಬಿರುಕು ತಾನೇ ಬೇಕು? ವಾಪಸ್ ಮಾಡಿಕೊಡ್ತೀನಿ." ಕಪಾಟಿನ ಮೇಲಿದ್ದ ಲಟ್ಟಣಿಗೆ ತೆಗೆದುಕೊಂಡು ಗೋಡೆಗೆ ಮೆಲ್ಲಗೆ ತಟ್ಟಿದರು. ಜೀವಮಾನದಲ್ಲಿ ಬೇಕೆಂದು ಬಿರುಕು ಮಾಡಿದ ಕೈಯಲ್ಲ ಅದು. ತಟ್ಟಿದ ಕಡೆ ಹೆಬ್ಬೆರಳಿಂದ ಸವರಿದರು. ಮತ್ತೆ ತಟ್ಟಿದರು, ಮತ್ತೆ ಸವರಿದರು. ಗೋಡೆಗೆ ಏನೂ ಆಗಲಿಲ್ಲ.

ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದೇ ಹೆಚ್ಚು. ನನ್ನ ಅಕ್ಕ ಅಳುತ್ತಿದ್ದಾಳೆ, ನನ್ನ ಭಾವ ಗೋಡೆಗೆ ಮುದ್ದು ಮಾಡುತ್ತಿದ್ದಾರೆ, ಆ ಹೆಂಗಸು ಹೊರಟೇ ಹೋದಳು. "ಸರೀರಿ ಅತ್ತ!" ಎಂದು ಗೋಡೆಗೆ ಒಂದು ಒದೆ ಕೊಟ್ಟೆ.

ಗೋಡೆ ಒಮ್ಮೆ ಯೋಚಿಸಿತು. ಆಮೇಲೆ ಮೇಲಿನಿಂದ ಕೆಳಗಿನವರೆಗೆ ಇಡಿಯಾಗಿ, ಯಾವ ಅವಸರವೂ ಇಲ್ಲದೆ, ನಮ್ಮ ಕಡೆಗೆ ವಾಲಿತು. ಜನ ಚೀರಿ ಹಿಂದೆ ಸರಿದರು. ಬಾಗಿಲಲ್ಲಿದ್ದ ಅಮೃತಾ ತಿರುಗಿ ನೋಡಿದರು. ಧಡ್ ಎಂದು ನೆಲಕ್ಕೆ ಬಿದ್ದು ಬಿಳಿ ಧೂಳೆದ್ದಿತು.

ಧೂಳು ಇಳಿದಾಗ ಗೋಡೆಯ ಹಿಂದೆ, ಬೋರಲು ಹಾಕಿದ ಎರಡು ಖಾಲಿ ಬಕೆಟ್ಟಿನ ಮೇಲೆ, ರೂಪಿ ಮತ್ತು ಅಂಗದ್ ಕೂತಿದ್ದರು. ನಡುವೆ ಒಂದೇ ತಟ್ಟೆ ಗೋಲ್‌ಗಪ್ಪ. ಅಂಗದನ ಕೈಯಲ್ಲಿ ಹುಣಸೆ ನೀರು ತುಂಬಿದ ಒಂದು ಪೂರಿ, ರೂಪಿಯ ಬಾಯಿ ಅದಕ್ಕಾಗಿ ತೆರೆದೇ ಇತ್ತು. ಅವರ ಬೆನ್ನ ಹಿಂದೆ ಡೇರೆಯ ಪರದೆಯೂ ಕಿತ್ತು ಬಂದಿತ್ತು. ಆಚೆ ಇಡೀ ಊಟದ ಸಾಲು ಸಮೋಸಾ ಕೈಯಲ್ಲಿ ಹಿಡಿದು ಈ ಕಡೆ ನೋಡುತ್ತಿತ್ತು. ಅದರಲ್ಲಿ ನಮ್ಮ ಗುರುದ್ವಾರದ ಹೆಂಗಸರೇ ಮೂರು ಕಾರಿನಷ್ಟು.

ಹುಣಸೆ ನೀರು ಅಂಗದನ ಮುಂಗೈಯಿಂದ ಇಳಿಯಿತು.

"ಅಂಗದ್," ಅಂದರು ಅಮೃತಾ. "ನೀವಿಬ್ಬರೂ ಮೂರು ಗಂಟೆಗೆ ಕುಲ್ಫಿ ಅಂಗಡಿ ಹತ್ತಿರ ಬರಬೇಕಿತ್ತಲ್ವಾ?"

"ಸ್ವಲ್ಪ ಬೇಗ ಆಕಸ್ಮಿಕವಾಗಿಬಿಟ್ವಿ ಮಮ್ಮಿ."

ಮೊದಲು ಯಾರು ಚಪ್ಪಾಳೆ ಹೊಡೆದರೋ ಗೊತ್ತಿಲ್ಲ. ಟೋಪಿ ಅಮ್ಮ ಎಂದು ನನ್ನ ಅನುಮಾನ. ಕೋಣೆಯ ಚಪ್ಪಾಳೆ ಊಟದ ಸಾಲಿಗೆ ಹಬ್ಬಿತು, ಅಲ್ಲಿಂದ ಡೋಲಿನವನಿಗೆ. ಅವನು ಕಾರಣ ಕೇಳದೆ ಬಾರಿಸತೊಡಗಿದ. ಭಾವ ಬಿದ್ದ ಹಲಗೆ ಎತ್ತಲು ಬಗ್ಗಿದರು. ತಹ್ಮೀನಾ ಅವರ ಕೈ ಹಿಡಿದು, "ಮುಟ್ಟಬೇಡಿ!" ಅಂತ ಕಿರುಚಿದಳು. "ಯಾರೂ ಮುಟ್ಟಬೇಡಿ! ಇದು ಹೀಗೇ ಇರಲಿ!"

ಎಲ್ಲರ ಕಣ್ಣೂ ಈಗ ಅಮೃತಾ ಅವರ ಮೇಲೆ. ಅವರು ಸಮಿತಿಯವರು. ಇದು ಕಲೆಯೋ ಕಿತಾಪತಿಯೋ ಅಂತ ಅವರೇ ಹೇಳಬೇಕು. ಈ ಮನುಷ್ಯ ಯಾರೋ ದಾರಿಹೋಕ ಅಂದರೆ, ಅವನ ಮುಂದೆ ಮೊದಲು ಅತ್ತವರು ತಾವೇ ಎಂದು ಒಪ್ಪಿಕೊಳ್ಳಬೇಕು. ದೊಡ್ಡ ಕಲಾವಿದ ಅಂದರೆ, ತಹ್ಮೀನಾ ಬಾಯಿ ಬಿಡುತ್ತಾಳೆ. ಇನ್ನೊಂದು ಕಡೆ ಮಗ ಇಡೀ ಸರ್ರಿಯ ಎದುರಿಗೆ ಹುಡುಗಿಯ ಬಾಯಿಗೆ ಗೋಲ್‌ಗಪ್ಪ ಹಿಡಿದು ಕೂತಿದ್ದಾನೆ, ಇನ್ನೂ ಕೈ ಇಳಿಸಿಲ್ಲ. ರೂಪಿ ತಾಯಿಯನ್ನು ನೋಡಲಿಲ್ಲ, ತಂದೆಯನ್ನು ನೋಡಲಿಲ್ಲ. ನೇರ ಅಮೃತಾ ಅವರನ್ನೇ ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ ಆ ಪೂರಿಯನ್ನು ತಿಂದುಬಿಟ್ಟಳು.

ಅಮೃತಾ ಅವರ ತುಟಿಯ ಮೂಲೆ ಅಲುಗಿತು. ಧೂಳಿನ ನಡುವೆ ನಡೆದು ಬಂದು ಭಾವನ ಪುಟ್ಟಿ ಮೆತ್ತಿದ ಕೈ ಹಿಡಿದು ಮೇಲೆತ್ತಿದರು.

"ಎಲ್ಲರೂ ಕೇಳಿ," ಅಂದರು. "ಇವರು ನಮ್ಮ ಬೀಗರು."

ಅಕ್ಕ ಗೊಳೋ ಎಂದು ಅತ್ತಳು, ಈ ಸಲ ಬೇರೆ ರಾಗದಲ್ಲಿ. ಚಿಕ್ಕಮ್ಮ ಕಣ್ಣೊರೆಸಿಕೊಳ್ಳುತ್ತಾ ಅಪರಿಚಿತರಿಗೆಲ್ಲ, "ಈ ಸಂಬಂಧ ನಾನೇ ಕುದುರಿಸಿದ್ದು," ಎಂದು ಹೇಳತೊಡಗಿದಳು.

ಬೀಗರಾದ ಮೇಲೆ ಗಂಡಸರು ತಬ್ಬಿಕೊಂಡು ಒಬ್ಬರನ್ನೊಬ್ಬರು ಎತ್ತುವುದು ನಮ್ಮಲ್ಲಿ ಪದ್ಧತಿ. ಯಾರು ಎತ್ತುತ್ತಾರೋ ಅವರ ಕಡೆ ಗೆದ್ದ ಹಾಗೆ. ಅದು ನಡೆಯಬೇಕಾದದ್ದು ಮದುವೆಯ ದಿನ. ಆದರೆ ಡೋಲು ಕೇಳಿದ ತರ್ಲೋಕ್ ಸಿಂಗರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬಾಯಿ ಒರೆಸಿಕೊಂಡು ಮುಂದೆ ಬಂದರು, ಭಾವನ ಸೊಂಟಕ್ಕೆ ಕೈ ಹಾಕಿದರು, "ಹೋ!" ಎಂದು ಮೇಲೆತ್ತಿಯೇ ಬಿಟ್ಟರು. ಭಾವ ಬರಿಗಾಲನ್ನು ಗಾಳಿಯಲ್ಲಿ ಆಡಿಸುತ್ತಾ ಡಾಕ್ಟರ ಕಪ್ಪು ಕೋಟಿನ ಬೆನ್ನಿಗೆ ಎರಡು ಬಿಳಿ ಹಸ್ತ ಒತ್ತಿದರು.

ಡಾಕ್ಟರು ಹಾಗೇ ನಿಂತರು. ತುಂಬಾ ಹೊತ್ತು ನಿಂತರು. ಡೋಲು ಎರಡು ಸಲ ಮುಗಿದು ಮತ್ತೆ ಶುರುವಾಯಿತು.

"ಬೀಗ್ರೇ, ಸಾಕು, ಇಳಿಸ್ರಿ," ಅಂದರು ಭಾವ ಮೇಲಿನಿಂದ.

"ಆಗ್ತಿಲ್ಲ," ಡಾಕ್ಟರು ಹಲ್ಲು ಕಚ್ಚಿಕೊಂಡು ಹೇಳಿದರು. "ಸೊಂಟ ಹಿಡ್ಕೊಂಡ್ತು. ಯಾರಾದ್ರೂ ಬನ್ನಿ."

ಜನ ಅದಕ್ಕೂ ಚಪ್ಪಾಳೆ ಹೊಡೆದರು.